ತಾರಿಬೈಲಿನಿಂದ ತಂದದ್ದು

೧೦ ಅಕ್ಟೋಬರ್ ೨೦೨೫, ಶುಕ್ರವಾರ
ಅರಸೀಕೆರೆ

ಕೊಬ್ಬರಿ ಮಂಡಿಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಕಮಲಾಕ್ಷಮ್ಮ ಶುರುಮಾಡಿದಳು. "ವರ್ಷ ತುಂಬ್ತಾ ಬಂತು ಕಣ್ರೀ. ಒಂದ್ಸಲ ಆ ಊರಿಗೆ ಹೋಗಿ ನೋಡ್ಕಂಡ್ ಬರಾನ. ಬಂದ್ಮೇಲೆ ತೋಟದಾಗೆ ಒಂದು ಸಮಾಧಿ ಅಂತ ಮಾಡಾನ."

ಈ ಹೆಂಗಸಿಗೆ ಹೇಗೆ ತಿಳಿಸಿ ಹೇಳುವುದೋ ಆ ಶಿವನೇ ಬಲ್ಲ. ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ. ಗುಂಡಿ ತೋಡಿ, ಅದರೊಳಗೆ ಒಂದು ಗೂಡು ಕೊರೆದು, ಅಲ್ಲಿ ಕೂರಿಸಿ, ಎಡಗೈಯಲ್ಲಿ ಅವರ ಇಷ್ಟಲಿಂಗ ಇಟ್ಟು ಮುಚ್ಚುತ್ತೇವೆ. ಇಲ್ಲಿ ಕೂರಿಸಲು ಆಳೇ ಇಲ್ಲ, ಕೈಯಲ್ಲಿಡಲು ಲಿಂಗವೂ ಇಲ್ಲ. ಖಾಲಿ ಗುಂಡಿಗೆ ಮಣ್ಣೆಳೆದರೆ ಅದು ತೆಂಗಿನ ಸಸಿ ನೆಟ್ಟ ಹಾಗೆ, ಸಮಾಧಿಯಲ್ಲ. ಇದನ್ನೇ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ. ಅವಳು ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು.

ನಾಲ್ಕು ಜನ ತಿಳಿದವರನ್ನು ಕೇಳಿದರೂ ನಾನು ಹೇಳಿದ್ದನ್ನೇ ಹೇಳುತ್ತಾರೆ. ಹೋದ ವರ್ಷ ಕಾರ್ತಿಕದಲ್ಲಿ ಮಗ ಕೊಬ್ಬರಿ ಆರ್ಡರಿಗೆಂದು ಕರಾವಳಿ ಕಡೆಯ ಸಗಟು ಅಂಗಡಿಗಳಿಗೆ ಹೋದ. ಪ್ರತಿ ವರ್ಷವೂ ಹೋಗುತ್ತಿದ್ದವನೇ. ತಾರಿಬೈಲು ಎಂಬ ಊರಿನಲ್ಲಿ ಸಮುದ್ರಕ್ಕೆ ಇಳಿದನಂತೆ, ಮೇಲೆ ಬರಲಿಲ್ಲವಂತೆ. ಎಲ್ಲವೂ ಅಂತೆ. ನನ್ನ ಭಾಮೈದ ಉಮಾಶಂಕರ್ ಹೋಗಿ ದಿನಗಟ್ಟಲೆ ದಡದಲ್ಲಿ ನಿಂತು, ಬಟ್ಟೆಯ ಬ್ಯಾಗು ಹಿಡಿದುಕೊಂಡು ಬಂದ. ನಾನು ಹೋಗಲಿಲ್ಲ. ಸಿಕ್ಕ ಮೇಲೆ ಹೇಳು, ಬರುತ್ತೇನೆ ಎಂದಿದ್ದೆ. ಸಿಗಲಿಲ್ಲ.

ಬ್ಯಾಗಿನಲ್ಲಿ ಲಿಂಗ ಇರಲಿಲ್ಲ. ಅಂದಮೇಲೆ ಅದು ಅವನ ಮೈಮೇಲಿದೆ. ಅದೊಂದೇ ನನಗೆ ಧೈರ್ಯ.

೧೪ ಅಕ್ಟೋಬರ್, ಮಂಗಳವಾರ

ಬೆಳಿಗ್ಗೆ ಉಮಾಶಂಕರ್ ಬಾಣಾವರದಿಂದ ಬಂದ. ಬಂದವನು ಕಾಫಿ ಕುಡಿದು ಸುಮ್ಮನೆ ಹೋಗಬಾರದೇ? ಅಟ್ಟ ಹತ್ತಿ ಇಳಿದು, "ಭಾವ, ಕಾಯಿ ಯಾವಾಗ ಒಡೆಸ್ತೀರಿ? ಎಲ್ಲಾ ಗಡಗಡ ಅಂತಾವೆ" ಎಂದ.

"ಇನ್ನೂ ನೀರೈತೆ" ಎಂದೆ.

"ಏನ್ ನೀರು ಭಾವ! ಅಲ್ಲಾಡಿಸಿ ನೋಡಿ ಬೇಕಾದ್ರೆ."

"ಮಂಡಿ ನಡೆಸೋನು ನಾನೋ ನೀನೋ?"

ಅವನಿಗೇನು ಗೊತ್ತು. ಉಂಡೆ ಕೊಬ್ಬರಿ ಎಂದರೆ ಅವಸರದ ಬದುಕಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಡಿಸಿಕೊಳ್ಳಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಉಂಡೆ ಹೊರಳುವ ಸದ್ದಾಗಬೇಕು. ಅದಕ್ಕೂ ಮೊದಲು ಒಡೆದರೆ ಮಾಲು ಕೆಟ್ಟಿತು.

ಈ ಕಾಯಿಗಳನ್ನು ಹೋದ ವರ್ಷ ಅಟ್ಟಕ್ಕೆ ಹಾಕಿಸಿದವನು ಮಗನೇ, ಹೊರಡುವ ಹಿಂದಿನ ವಾರ. ಹಾಕಿಸಿದವನೇ ಇಳಿಸಲಿ ಎಂದು ನಾನೇನೂ ಕಾಯುತ್ತಿಲ್ಲ. ಧಾರಣೆ ಇನ್ನೂ ಏರುತ್ತದೆ, ಅಷ್ಟೇ.

೨೩ ಅಕ್ಟೋಬರ್, ಗುರುವಾರ

ದೀಪಾವಳಿ ಮುಗಿಯಿತು. ಮಾಡಲಿಲ್ಲ. ಕಮಲಾಕ್ಷಮ್ಮ ನನಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಮುದ್ದೆಗೆ ಸಾರು ಬೇಕೇ ಎಂದೂ ಕೇಳುವುದಿಲ್ಲ, ಸುಮ್ಮನೆ ಹುಯ್ಯುತ್ತಾಳೆ.

ಹೋಗೋಣ ಎಂದುಬಿಟ್ಟೆ. ತಲೆನೋವು ತಪ್ಪಲಿ. ಆದರೆ ಸಮಾಧಿಯ ಮಾತು ಎತ್ತಕೂಡದು ಎಂದೆ. ತಲೆಯಾಡಿಸಿದಳು.

೩ ನವೆಂಬರ್, ಸೋಮವಾರ
ತಾರಿಬೈಲು

ಉಮಾಶಂಕರನ ಕಾರು. ಬೆಳಕು ಹರಿಯುವ ಮೊದಲೇ ಹೊರಟೆವು. ಜಾವಗಲ್ಲು ದಾಟಿ ಹಳೇಬೀಡಿಗೆ ಬರುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ಕೆರೆ ತುಂಬಿದೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಗಾಡಿಯಲ್ಲಿ ಇಲ್ಲಿಗೆ ಬಂದಾಗ ಈ ಕೆರೆಯನ್ನೇ ಸಮುದ್ರ ಎಂದುಕೊಂಡಿದ್ದೆ. ದೊಡ್ಡವನಾದ ಮೇಲೂ ನಿಜವಾದದ್ದನ್ನು ನೋಡಲು ಹೋಗಲಿಲ್ಲ. ಮಂಡಿ ಬಿಟ್ಟು ಹೋಗಲು ಪುರುಸೊತ್ತು ಎಲ್ಲಿತ್ತು?

ಬೇಲೂರಿನಲ್ಲಿ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಸ್ಕೂಲ್ ಮಕ್ಕಳು ರಸ್ತೆಗೆ ಅಡ್ಡಡ್ಡ ಓಡುತ್ತಿದ್ದರು. ಉಮಾಶಂಕರ್ ಹಾರನ್ ಒತ್ತಿ ಬೈದ. ಕಮಲಾಕ್ಷಮ್ಮ, "ಬಯ್ಯಬೇಡ್ವೋ, ಮಕ್ಕಳು ಕಣೋ" ಎಂದಳು. ಮನೆ ಬಿಟ್ಟಾಗಿನಿಂದ ಅವಳಾಡಿದ ಮೊದಲ ಮಾತು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದೆವು. ಘಾಟಿಯ ಒಂದೊಂದು ತಿರುವಿನಲ್ಲೂ ಜನ ಕಾರು ನಿಲ್ಲಿಸಿ, ಕಣಿವೆಗೆ ಬೆನ್ನು ಮಾಡಿ, ಹಲ್ಲು ಕಿರಿದು ಫೋಟೊ ತೆಗೆದುಕೊಳ್ಳುತ್ತಿದ್ದರು. ಈ ದಾರಿಯಲ್ಲಿ ಅವನೂ ನಿಲ್ಲುತ್ತಿದ್ದನೇ? ಆರ್ಡರು ಹಿಡಿದು ಎರಡು ದಿನದಲ್ಲಿ ಬರಬೇಕಾದವನು ಪ್ರತಿ ವರ್ಷ ಒಂದು ದಿನ ತಡಮಾಡಿ ಬರುತ್ತಿದ್ದ. ಕೇಳಿದರೆ, ಅಂಗಡಿಯವರು ಸಿಗಲಿಲ್ಲ ಅಪ್ಪ ಎನ್ನುತ್ತಿದ್ದ.

ಕುಂದಾಪುರ ದಾಟಿದ ಮೇಲೆ ಹೆದ್ದಾರಿಯ ಎಡಕ್ಕೆ ಸಮುದ್ರ ಬಂದಿತು. ನಾನು ಬಲಕ್ಕೆ ನೋಡುತ್ತಾ ಕುಳಿತೆ.

ತಾರಿಬೈಲಿಗೆ ಹೆದ್ದಾರಿಯಿಂದ ಒಳಗೆ ಸಣ್ಣ ರಸ್ತೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಒಂದೇ ಸಾಲು ಮನೆ. ಹೊಳೆಯೂ ಕಡಲೂ ಸೇರುವ ಅಳಿವೆ ಊರಿನ ಕೊನೆಯಲ್ಲಿ. ನನ್ನ ಮಗನನ್ನು ತಿಂದ ಊರು ಎಂದರೆ ಹಾಳು ಸುರಿಯುತ್ತಿರಬೇಕು, ಕೊಳೆತು ನಾರುತ್ತಿರಬೇಕು ಎಂದುಕೊಂಡಿದ್ದೆ. ಏನೆಂದರೂ ಒಪ್ಪಲೇಬೇಕು, ಇಷ್ಟು ಚಂದದ ಊರನ್ನು ನಾನು ಕಂಡಿಲ್ಲ. ಕೆಂಪು ಹೆಂಚಿನ ಮಾಡುಗಳು, ನುಣ್ಣಗೆ ಗುಡಿಸಿದ ಅಂಗಳ, ಬಲೆ ಹರವಿದ ಬೇಲಿ, ಬೇಲಿಯ ಮೇಲೆ ದಾಸವಾಳ. ನಮ್ಮಲ್ಲಿ ಸಾಲು ಹಿಡಿದು ನೆಟ್ಟಗೆ ನಿಲ್ಲುವ ತೆಂಗು ಇಲ್ಲಿ ಮನಸ್ಸು ಬಂದ ಕಡೆ ವಾಲಿಕೊಂಡು ನಿಂತಿದೆ. ಜನ ನಮ್ಮನ್ನು ನೋಡಿ ನಗುತ್ತಾರೆ. ಮೈಯೆಲ್ಲ ಉರಿದುಹೋಯಿತು.

ಅವನು ಇಳಿದುಕೊಳ್ಳುತ್ತಿದ್ದ ಮನೆಯಲ್ಲೇ ನಮಗೂ ಕೋಣೆ. ಮನೆಯಾಕೆಯ ಹೆಸರು ಗಿರಿಜಾ, ಮೀನುಗಾರರ ಪೈಕಿ. ಬಾಗಿಲಲ್ಲೇ ನನ್ನ ಮುಖ ನೋಡಿ, "ಶರತ್ ಅಣ್ಣನ ಅಪ್ಪಯ್ಯ ಅಲ್ದಾ? ಮುಖ ಕಂಡ್ರೇ ಗೊತ್ತಾತ್ತ್. ಬನ್ನಿ, ಒಳಗ್ ಬನ್ನಿ" ಎಂದಳು. ಕಮಲಾಕ್ಷಮ್ಮನ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ಜಗುಲಿಯಲ್ಲಿ ನಿಂತೇ ಅತ್ತರು. ನಾನು ಕಾರಿನಿಂದ ಸಾಮಾನು ಇಳಿಸಲು ಹೋದೆ.

೪ ನವೆಂಬರ್, ಮಂಗಳವಾರ
ತಾರಿಬೈಲು

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ತಲೆ ಸಿಡಿದೀತು.

ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಕೂತಿದ್ದೆವು. ಗಿರಿಜಾ ತಮ್ಮ ದೇವರ ಗೂಡಿನಿಂದ ಒಂದು ಹಿತ್ತಾಳೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕಮಲಾಕ್ಷಮ್ಮನ ಮುಂದಿಟ್ಟಳು. ಬಟ್ಟಲಲ್ಲಿ ಬೆಳ್ಳಿಯ ಕರಡಿಗೆ, ನಾವು ಲಿಂಗವಿಟ್ಟು ಕೊರಳಿಗೆ ಹಾಕಿಕೊಳ್ಳುವುದು. ಮೇಲೆ ಒಂದು ಹೊಸ ದಾಸವಾಳ.

"ಪ್ರತಿ ಸಲ ನೀರಿಗೆ ಇಳುಕೆ ಮುಂಚೆ ನನ್ ಕೈಯಂಗ್ ಕೊಡ್ತಿದ್ರ್" ಎಂದಳು. "ಅಲೆ ಎಳ್ಕಂಡ್ ಹೋದ್ರೆ ಕಷ್ಟ ಗಿರಿಜಕ್ಕ, ದೇವರ ಹತ್ರ ಇಡಿ, ಬಂದ್ ತಗಂತೀನಿ ಅಂತಿದ್ರ್. ಪೊಲೀಸ್ರ್ ಬ್ಯಾಗ್ ಕೇಂಡ್ರ್, ಕೊಟ್ಟೆ. ಇದನ್ನ್ ಕೊಡುಕೆ ಮನ್ಸ್ ಬರ್ಲಿಲ್ಲೆ. ಸಿಕ್ಕಿದವ್ರೆಲ್ಲ ಮುಟ್ಟುಕಾಗ ಅಂತ ಅವ್ರೇ ಹೇಳಿದ್ರ್. ಅದಕ್ಕೇ ಈ ಅಣ್ಣನ ಹತ್ರ ಹೇಳಿ ಕಳ್ಸಿದ್ದೆ, ಅಮ್ಮನ್ನ ಕರ್ಕಂಡ್ ಬನ್ನಿ, ಅವ್ರ್ ಕೈಗೆ ಕೊಡೂದ್ ಒಂದ್ ಇತ್ತ್ ಅಂದೇಳಿ. ದಿನಾ ನೀರ್ ಹಾಕಿ ಹೂಗ್ ಇಟ್ಟಿದೆ. ಮೀನ್ ಬೇಯ್ಸು ಒಲೆ ಹೊರಗ್ ಮಾಡ್ಕಂಡಿತ್."

ಉಮಾಶಂಕರ್ ತಲೆ ತಗ್ಗಿಸಿ ಕೂತಿದ್ದ. ಅವನು ಬಂದು ಅಕ್ಕನಿಗೆ ಹೇಳಿದ್ದಾನೆ. ಅಕ್ಕ ನನ್ನ ಒಪ್ಪಿಗೆಗಾಗಿ ಒಂದು ವರ್ಷ ಕಾದಿದ್ದಾಳೆ.

"ಇದು ಅವನದಲ್ಲ" ಎಂದೆ.

ಕರಡಿಗೆಯ ಅಂಚಿನಲ್ಲಿ ನಗ್ಗಿತ್ತು. ಹೈಸ್ಕೂಲಿಗೆ ಹೋಗುವಾಗ ಮಂಡಿಯಲ್ಲಿ ಕಾಯಿಯ ಗುಡ್ಡೆ ಹತ್ತಲು ಹೋಗಿ ಬಿದ್ದು ನಗ್ಗಿಸಿಕೊಂಡದ್ದು. ಅಕ್ಕಸಾಲಿಗನ ಹತ್ತಿರ ಸರಿಮಾಡಿಸೋಣ ಎಂದರೆ, ಇರಲಿ ಬಿಡಪ್ಪ ಎಂದಿದ್ದ. ಅವನದೇ.

ನೀರಿಗಿಳಿಯುವಾಗ ನಮ್ಮ ಮನೆತನದಲ್ಲಿ ಯಾರೂ ಲಿಂಗ ತೆಗೆಯುವುದಿಲ್ಲ. ಆದರೆ ನಮ್ಮ ಮನೆತನದವರು ಇಳಿದದ್ದು ಕಲ್ಯಾಣಿಗೆ, ಕೆರೆಗೆ. ಕಡಲು ಕಂಡವರು ಯಾರಿದ್ದರು? ಲಿಂಗವನ್ನು ಅಲೆ ಕಿತ್ತುಕೊಂಡೀತು ಎಂದು ಹೆದರಿ ಜೋಪಾನ ಮಾಡಿದವನಿಗೆ, ಆ ಅಲೆ ತನ್ನನ್ನೇ ಕಿತ್ತುಕೊಂಡೀತು ಎಂದು ಹೊಳೆಯಲಿಲ್ಲ. ನೀರು ಕಡಲಿನ ಕಡೆ ಎಳೆಯುವ ಇಳಿತದ ಹೊತ್ತಿನಲ್ಲಿ ಅಳಿವೆಯ ಬಾಯಲ್ಲಿ ಇಲ್ಲಿಯ ಮಕ್ಕಳೂ ಕಾಲಿಡುವುದಿಲ್ಲವಂತೆ. ಅರಸೀಕೆರೆಯ ಕೊಬ್ಬರಿ ಮಂಡಿಯವನಿಗೆ ಅದು ಹೇಗೆ ಗೊತ್ತಾಗಬೇಕು!

ಆಮೇಲೆ ನಾನು ಒಂದು ಮಾತು ಆಡಿದೆ. "ಬಂದು ತಗೋತೀನಿ ಅಂದಿದ್ದಾನಲ್ಲ. ಇಲ್ಲೇ ಇರ್ಲಿ. ಅವನು ಬಂದು ಕೇಳಿದ್ರೆ ಎಲ್ಲಿಂದ ಕೊಡ್ತೀಯಮ್ಮ?"

ಗಿರಿಜಾ ನನ್ನನ್ನು ನೋಡಿ ಹೆದರಿದಳು. ಕಮಲಾಕ್ಷಮ್ಮ ಹೆದರಲಿಲ್ಲ. ಬಟ್ಟಲಿನ ಮೇಲೆ ಕೈಯಿಟ್ಟು ಮೆಲ್ಲಗೆ, "ರೀ, ಅವನು ಬರಲ್ಲ ಕಣ್ರೀ" ಎಂದಳು.

ನಾನು ಎದ್ದು ಹೊರಗೆ ಬಂದುಬಿಟ್ಟೆ. ಮನೆಯ ಹಿಂದೆಯೇ ಸಮುದ್ರ. ಇನ್ನು ನೋಡದೆ ಇರುವುದು ಹೇಗೆ? ನೋಡಿದೆ. ಎಷ್ಟು ದೊಡ್ಡದಪ್ಪಾ! ಯಾರೂ ಹೇಳಿರಲಿಲ್ಲ ಇಷ್ಟು ದೊಡ್ಡದು ಎಂದು. ಇದರಲ್ಲಿ ಎಲ್ಲಿ ಹುಡುಕಿಯಾರು? ಉಮಾಶಂಕರನಿಗೆ, ಸರಿಯಾಗಿ ಹುಡುಕಲಿಲ್ಲ ನೀನು, ಎಂದು ವರ್ಷವಿಡೀ ಅಂದಿದ್ದೇನೆ. ಮರಳಿನಲ್ಲಿ ಕೂತು ಅತ್ತೆ. ಬಾಯಿಬಿಟ್ಟು ಅತ್ತೆ. ಅಲೆಯ ಸದ್ದಿಗೆ ಯಾರಿಗೂ ಕೇಳಿಸಿರಲಾರದು.

೫ ನವೆಂಬರ್, ಬುಧವಾರ

ಮನೆಗೆ ಬಂದೆವು. ಘಾಟಿಯಲ್ಲಿ ಮಂಜು.

ಕರಡಿಗೆ ನನ್ನ ಹತ್ತಿರ ಇದೆ.

೯ ನವೆಂಬರ್, ಭಾನುವಾರ

ನನ್ನದರ ಜೊತೆಗೇ ಅದನ್ನೂ ಕೊರಳಿಗೆ ಹಾಕಿಕೊಂಡಿದ್ದೇನೆ. ಅಂಗಿಯ ಒಳಗೆ, ಯಾರಿಗೂ ಕಾಣುವುದಿಲ್ಲ. ಬೆಳಿಗ್ಗೆ ಮೊದಲು ನನ್ನ ಪೂಜೆ, ಆಮೇಲೆ ಅದಕ್ಕೆ. ಯಾರಾದರೂ ಮಾಡಬೇಕಲ್ಲ. ನಡೆಯುವಾಗ ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನುತ್ತವೆ.

ಹಗರೆಯ ಅಯ್ಯನವರು ಮಂಡಿಗೆ ಬಂದಿದ್ದರು. ನಮ್ಮ ಮನೆಯ ಮದುವೆ, ಮಸಣ ಎಲ್ಲ ಅವರದೇ. ಕಾಲಿಗೆ ಬಗ್ಗಿದಾಗ ಸದ್ದು ಕೇಳಿಸಿತೇನೋ.

"ಎರಡು ಕಟ್ಕೊಂಡಿದ್ದೀರಾ ಯಜಮಾನ್ರೆ?" ಎಂದರು.

"ಸ್ವಲ್ಪ ದಿನ ಬುದ್ಧಿ."

"ಒಂದು ಮೈಗೆ ಒಂದೇ ಲಿಂಗ. ಹುಡುಗನ ಲಿಂಗ ಹುಡುಗನ ಹೆಸರಲ್ಲಿ ಮಣ್ಣಿಗೆ ಹೋಗ್ಬೇಕು. ದೇಹ ಸಿಗ್ಲಿಲ್ಲ, ಸರಿ. ಲಿಂಗ ಸಿಕ್ಕೈತಲ್ಲ, ಸಮಾಧಿ ಮಾಡಬೌದು."

ಕಮಲಾಕ್ಷಮ್ಮನೇ ಹೇಳಿ ಕಳುಹಿಸಿರಬೇಕು ಎಂದು ಸಿಟ್ಟು ಬಂತು. ಆಲೋಚನೆ ಮಾಡಿ ಹೇಳುತ್ತೇನೆ ಬುದ್ಧಿ ಎಂದೆ.

೧೧ ನವೆಂಬರ್, ಮಂಗಳವಾರ

ಮಧ್ಯಾಹ್ನ ಊಟಕ್ಕೆ ಬಂದರೆ ಮನೆಯಲ್ಲಿ ಇವಳಿಲ್ಲ. ಕೆಲಸದ ಮಹದೇವಮ್ಮನನ್ನು ಕೇಳಿದೆ. "ತೋಟಕ್ಕೆ ಹೋಗವ್ರೆ ಕಣಪ್ಪ. ದಿನಾ ಹೋಯ್ತಾರಲ್ಲ" ಎಂದಳು. ದಿನಾ ಎಂದು ನನಗೆ ಗೊತ್ತಿರಲಿಲ್ಲ.

ಬಾವಿಯ ಆಚೆ, ನಮ್ಮ ಅಪ್ಪ ಅಮ್ಮನ ಸಮಾಧಿಗಳ ಪಕ್ಕದಲ್ಲಿ ಖಾಲಿ ಜಾಗವಿದೆ. ಅಲ್ಲಿ ಬರಿ ನೆಲದ ಮೇಲೆ ಕೂತಿದ್ದಳು. ಕಳೆ ಕಿತ್ತು ಅಷ್ಟು ಜಾಗವನ್ನು ಸಾರಿಸಿದ್ದಳು. ನಾಲ್ಕು ಹೂ ಇಟ್ಟಿದ್ದಳು. ಯಾವುದರ ಮೇಲೂ ಅಲ್ಲ, ಬರಿ ಮಣ್ಣಿನ ಮೇಲೆ.

"ಇಲ್ಲಿ ಏನ್ ಮಾಡ್ತಿದ್ದೀಯೇ ಬಿಸಿಲಾಗೆ?" ಎಂದೆ. ಗದರಿಸಿಯೇ ಕೇಳಿದೆ.

"ಅಳ್ತಿದೀನಿ ಕಣ್ರೀ" ಎಂದಳು. "ಮನೇಲಿ ಅತ್ರೆ ನಿಮಗೆ ಸಿಟ್ಟು ಬತ್ತದೆ. ಅವನು ಸತ್ತಿಲ್ಲ ಅನ್ನೋ ಹಂಗೆ ಓಡಾಡ್ತೀರ. ಅವನ ಬಟ್ಟೆ ಒಗೆಯಂಗಿಲ್ಲ, ಮಂಚ ಸರಿಸಂಗಿಲ್ಲ, ಕಾಯಿ ಒಡೆಯಂಗಿಲ್ಲ. ನಾ ಹೆತ್ತೋಳು. ನಂಗೆ ಅಳಾಕೆ ಒಂದು ಜಾಗ ಬ್ಯಾಡ್ವ?"

ಮದುವೆಯಾದಾಗಿನಿಂದ ಅವಳು ನನ್ನೆದುರು ಇಷ್ಟುದ್ದ ಮಾತಾಡಿದ್ದು ನೆನಪಿಲ್ಲ. ಪಕ್ಕದಲ್ಲಿ ಕೂತೆ. ಮಂಡಿಗೆ ಹೋಗಲು ತಡವಾಯಿತು.

ನಾನು ಹಾಗೆ ಓಡಾಡುತ್ತಿದ್ದೇನೆಯೇ? ಇರಲಾರದು. ಹೆಂಗಸರು ಏನೇನೋ ಅನ್ನುತ್ತಾರೆ. ಆದರೆ ಅವಳು ಹಾಗೆ ಬರಿ ನೆಲಕ್ಕೆ ಹೂ ಇಡುವುದನ್ನು ನೋಡಲಾಗುವುದಿಲ್ಲ. ಅಯ್ಯನವರಿಗೆ ಫೋನ್ ಮಾಡಿ, ಕಾರ್ತಿಕದ ಕೊನೆಯ ಸೋಮವಾರ ಬನ್ನಿ ಬುದ್ಧಿ ಎಂದೆ.

೧೩ ನವೆಂಬರ್, ಗುರುವಾರ

ಅಟ್ಟ ಹತ್ತಿದೆ. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ, ಇನ್ನೊಂದನ್ನು ಅಲ್ಲಾಡಿಸಿದೆ. ಎಲ್ಲವೂ ಒಣಗಿವೆ. ಯಾವಾಗಲೋ ಒಣಗಿವೆ. ಉಮಾಶಂಕರನನ್ನು ಕರೆಸಿ ಒಡೆಸಿದೆ. ಒಳ್ಳೆ ಮಾಲು, ಒಂದೂ ಕೆಟ್ಟಿಲ್ಲ. "ಶರತ್ ಕೈಗುಣ ಭಾವ" ಎಂದ ಉಮಾಶಂಕರ್. ಹೌದು ಎಂದೆ.

೧೭ ನವೆಂಬರ್, ಸೋಮವಾರ

ಗುಂಡಿಯನ್ನು ಮಾಮೂಲಿನಷ್ಟೇ ಆಳ ತೋಡಿಸಿದ್ದೆ. ಉಮಾಶಂಕರ್, "ಭಾವ, ಬರೀ ಲಿಂಗಕ್ಕೆ ಇಷ್ಟು ಬೇಕಾ? ಒಂದು ಮೊಳ ಸಾಕಲ್ವಾ?" ಎಂದ. ಹುಡುಗ ನನಗಿಂತ ಎತ್ತರ ಇದ್ದ, ಇಷ್ಟು ಬೇಕು ಎಂದೆ. ಗೋಡೆಯಲ್ಲಿ ಗೂಡನ್ನೂ ಕೊರೆಸಿದೆ, ಕೂತರೆ ತಲೆ ತಾಗದ ಹಾಗೆ.

ಜನರನ್ನು ಕರೆದಿರಲಿಲ್ಲ. ಆದರೂ ಮಂಡಿಯ ಹಮಾಲರು, ಬೀದಿಯವರು ಬಂದಿದ್ದರು. ಅಯ್ಯನವರು ಮಂತ್ರ ಹೇಳಿ, ವಿಭೂತಿ, ಪತ್ರೆ ಸಿದ್ಧ ಮಾಡಿದರು. ನನ್ನ ಕೊರಳಿಂದ ಕರಡಿಗೆ ತೆಗೆದು, ಬಿಚ್ಚಿ, ಲಿಂಗವನ್ನು ತೊಳೆದೆ. ಕಮಲಾಕ್ಷಮ್ಮ ಅದನ್ನು ಅಂಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟಳು.

"ಯಾರಾದ್ರೂ ಇಳಿದು ಗೂಡಿನಾಗೆ ಇಟ್ಟು ಬನ್ನಿ" ಎಂದರು ಅಯ್ಯನವರು.

ಉಮಾಶಂಕರ್ ಪಂಚೆ ಎತ್ತಿ ಕಟ್ಟಿದ. ಬೇಡ, ನಾನೇ ಇಳಿಯುತ್ತೇನೆ ಎಂದೆ. ಈ ವಯಸ್ಸಿನಲ್ಲಿ ಬೇಡ ಭಾವ ಎಂದ. ಏಣಿ ಇಡಿಸಿ ಇಳಿದೆ.

ಕೆಳಗೆ ತಂಪಾಗಿತ್ತು. ತೆಂಗಿನ ಬೇರುಗಳು ಗೋಡೆಯಿಂದ ಹೊರಗೆ ಬಂದಿದ್ದವು. ಗೂಡಿನೊಳಗೆ ವಿಭೂತಿ ಹರಡಿದೆ, ಪತ್ರೆ ಹರಡಿದೆ. ಲಿಂಗವನ್ನು ಅದರ ಮೇಲೆ ಇಡಬೇಕು, ಅಷ್ಟೇ ಕೆಲಸ. ಬರಿ ನೆಲದ ಮೇಲೆ ಹೇಗೆ ಇಡುವುದು? ನಾವು ಇಡುವುದು ಕೈಯಲ್ಲಿ. ಅಪ್ಪನ ಕೈಯಲ್ಲಿಟ್ಟದ್ದು ನಾನೇ. ಬೆರಳು ಮಡಿಸಿದ್ದೂ ನಾನೇ. ಇಲ್ಲಿ ಕೈ ಎಲ್ಲಿದೆ?

ಆಮೇಲೆ ಏನಾಯಿತೋ ಸರಿಯಾಗಿ ಹೇಳಲಾರೆ. ಗೂಡಿನೊಳಗೆ ಸರಿದು ಕೂತೆ. ಪದ್ಮಾಸನ ಹಾಕಿದೆ. ಎಡಗೈಯನ್ನು ಎದೆಯ ಹತ್ತಿರ ಹಿಡಿದು, ಅವನ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡೆ. ಹಾಯಾಗಿತ್ತು. ನಿಜ ಹೇಳಬೇಕೆಂದರೆ, ಎಷ್ಟೋ ದಿನದ ಮೇಲೆ ಹಾಯೆನ್ನಿಸಿತು. ಇನ್ನು ಮಣ್ಣೆಳೆಯಲಿ ಎನ್ನಿಸಿತು. ಮೇಲಿನಿಂದ ಉಮಾಶಂಕರ್, "ಭಾವ, ಭಾವ" ಎಂದು ಕೂಗುತ್ತಿದ್ದ. ಅಯ್ಯನವರು ಏನೋ ಹೇಳುತ್ತಿದ್ದರು. ಏಳಬೇಕು ಎಂದು ನನಗೆ ಅನ್ನಿಸಲೇ ಇಲ್ಲ.

ಏಣಿ ಅಲ್ಲಾಡಿತು. ಕಮಲಾಕ್ಷಮ್ಮ ಇಳಿದು ಬಂದಳು. ಹೆಂಗಸರು ಇಳಿಯುವ ಪದ್ಧತಿ ನಮ್ಮಲ್ಲಿಲ್ಲ, ಯಾರೂ ತಡೆಯಲೂ ಇಲ್ಲ. ನನ್ನ ಮುಂದೆ ಬಗ್ಗಿ ನಿಂತು, ಸೆರಗಿನಿಂದ ನನ್ನ ಮುಖ ಒರೆಸಿದಳು.

"ಏಳ್ರಿ. ಇದು ನಿಮ್ಮ ಜಾಗ ಅಲ್ಲ" ಎಂದಳು. "ಮಗೂಗೆ ಬಿಡಿ. ಅವನಿಗೆ ಕೂರಾಕೆ ಬೇರೆ ಎಲ್ಲೂ ಜಾಗ ಇಲ್ಲ."

ನಾನು ಗೂಡಿನಿಂದ ಈಚೆಗೆ ಬಂದೆ. ಕೂತಿದ್ದ ಕಡೆ ವಿಭೂತಿಯಲ್ಲಿ ನನ್ನ ಅಚ್ಚು ಬಿದ್ದಿತ್ತು. ಅದರ ನಡುವೆ ಶರತ್ಚಂದ್ರನನ್ನು ಇಟ್ಟು, ಅವನ ತಾಯಿಯ ಕೈ ಹಿಡಿದು ಮೇಲೆ ಹತ್ತಿದೆ.